ಮರೆವಲ್ಲ, ಕಿವಿ ಇರ್ಬಹುದು ನೋಡ್ಸಿ

ವಯಸ್ಸಾದೋರು ಮದುವೆ ಮನೇಲಿ ಮೂಲೆ ಕುರ್ಚಿ ಹಿಡ್ದು ಕೂತ್ರೆ, ಕೇಳಿದ್ದಕ್ಕೆಲ್ಲ ಬರೀ ನಕ್ರೆ, ಎಲ್ರೂ ಮರೆವು ಶುರುವಾಯ್ತು ಅಂತಾರೆ. ಎಷ್ಟೋ ಸಲ ಅದು ಕಿವಿ ಸಮಸ್ಯೆ. ವಯಸ್ಸಿನ ಕಿವುಡಲ್ಲಿ ಮೊದ್ಲು ಹೋಗೋದು ಕೀಚಲು ದನಿಗಳು, ಸ, ಶ ಥರದ ಅಕ್ಷರಗಳು ಸರಿಯಾಗಿ ಕೇಳಲ್ಲ, ದನಿ ಕೇಳ್ಸುತ್ತೆ ಆದ್ರೆ ಮಾತು ತಿಳಿಯಲ್ಲ. ನಮ್ಮಪ್ಪ "ಕೇಳ್ಸುತ್ತೆ ಕಣೋ, ಕಿರುಚ್ಬೇಡ, ಬಿಡಿಸಿ ಹೇಳು" ಅಂತಿದ್ದದ್ದು ಅದಕ್ಕೇ.

ನಂಗೆ ಭಯ ಆಗೋದು ಮುಂದಿನದ್ದಕ್ಕೆ. ಮಾತು ತಿಳೀದೆ ಮುಜುಗರ ಆಗಿ ಜನರ ಜೊತೆ ಸೇರೋದೇ ಬಿಡ್ತಾರೆ. ಡಿಮೆನ್ಷಿಯಾ, ಅಂದ್ರೆ ನೆನಪು, ಯೋಚನೆ ಕುಂದೋ ಕಾಯಿಲೆ ಬಗ್ಗೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2020ರ ವರದಿ, ಬದಲಾಯಿಸಬಹುದಾದ 12 ರಿಸ್ಕ್‌ಗಳಲ್ಲಿ ನಡುವಯಸ್ಸಿನ ಕಿವುಡನ್ನೂ ಸೇರ್ಸಿದೆ.

ಅಪ್ಪಂಗೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೇಲಿ ಟೆಸ್ಟ್ ಮಾಡಿಸ್ದ್ವಿ, ಸದ್ದಿಲ್ಲದ ರೂಮಲ್ಲಿ ಹೆಡ್‌ಫೋನ್ ಹಾಕ್ಕೊಂಡು ಬೀಪ್ ಕೇಳಿದಾಗೆಲ್ಲ ಬೆರಳೆತ್ತಬೇಕು ಅಷ್ಟೇ, ನೋವಿಲ್ಲ. ಹಿಯರಿಂಗ್ ಏಡ್ ಹಾಕಿದ ಶುರುವಲ್ಲಿ ಫ್ಯಾನು, ಪಾತ್ರೆ ಸದ್ದೆಲ್ಲ ತಲೆ ತಿನ್ನುತ್ತೆ, ಆಗ್ಲೇ ತುಂಬಾ ಜನ ತೆಗ್ದು ಬೀರುಗೆ ಹಾಕ್ಬಿಡ್ತಾರೆ. ದಯವಿಟ್ಟು ಬಿಡ್ಬೇಡಿ, ಮಿದುಳಿಗೆ ಹೊಂದ್ಕೊಳ್ಳೋಕೆ ಟೈಮ್ ಬೇಕು. ಮನೆಯೋರು ಟಿವಿ ಆಫ್ ಮಾಡಿ, ಎದುರು ಕೂತು, ಮುಖ ಕಾಣೋ ಹಾಗೆ ನಿಧಾನಕ್ಕೆ ಮಾತಾಡಿ.