ಒಂದು ಗ್ರಾಂ ಮಣ್ಣಿನ ಮೈ
ನಮ್ಮ ಬೆಂಗಳೂರಿನ ಕೆಂಪು ಮಣ್ಣು, ಊರಿಂದ ತಂದ ಎರೆ ಮಣ್ಣು ಎರಡಕ್ಕೂ ನೀರು ಹಾಕಿ ನೋಡಿ. ಎರೆ ಉಬ್ಬುತ್ತದೆ, ಕೆಂಪು ಸುಮ್ನೆ ಕೂರುತ್ತದೆ. ಕೆಂಪು ಮಣ್ಣಲ್ಲಿ ಜಾಸ್ತಿ ಇರುವ ಕೆಯೋಲಿನೈಟ್‌ ಜೇಡಿಯ ಮೇಲ್ಮೈ ಗ್ರಾಂಗೆ ಸಾಮಾನ್ಯವಾಗಿ 10-20 ಚದರ ಮೀಟರ್. ಎರೆಯಲ್ಲಿರುವ ಸ್ಮೆಕ್ಟೈಟ್ ಅನ್ನುವ ಪದರ ಪದರವಾದ ಜೇಡಿಗೆ ಪದರಗಳ ಒಳಗಿನದ್ದೂ ಸೇರಿದರೆ ಸುಮಾರು 700-800. ಒಂದೇ ಗ್ರಾಂಗೆ!

ಅಳೆಯೋದು ಹೇಗೆ? ಒಣಗಿಸಿದ ಮಣ್ಣನ್ನು ಮೈನಸ್ 196 ಡಿಗ್ರಿಗೆ ತಣಿಸಿ, ನೈಟ್ರೋಜನ್ ಬಿಟ್ಟು, ಒಂದು ಪದರವಾಗಿ ಅಂಟಲು ಎಷ್ಟು ಅನಿಲ ಬೇಕು ಅಂತ 1938ರ ಬಿಇಟಿ (ಬ್ರುನೌವರ್, ಎಮ್ಮೆಟ್, ಟೆಲ್ಲರ್) ಸಮೀಕರಣದಿಂದ ಲೆಕ್ಕ ಹಾಕುತ್ತಾರೆ. ಒಂದು ಅಣು ಹಿಡಿಯುವ ಜಾಗ ಗೊತ್ತಿದೆ, ಉಳಿದದ್ದು ಬರೀ ಗುಣಾಕಾರ. ಆದರೆ ಒಣಗಿ ಮುಚ್ಚಿಕೊಂಡ ಸ್ಮೆಕ್ಟೈಟ್ ಪದರಗಳೊಳಗೆ ನೈಟ್ರೋಜನ್ ನುಗ್ಗುವುದಿಲ್ಲ. ಎರೆ ಮಣ್ಣಿಗೆ ಈ ಸಂಖ್ಯೆ ಒಂದನ್ನೇ ಕೊಟ್ಟರೆ ನಾನಂತೂ ಒಪ್ಪಲ್ಲ. ಇಜಿಎಂಇ (ಎಥಿಲೀನ್ ಗ್ಲೈಕಾಲ್ ಮೊನೊಇಥೈಲ್ ಈಥರ್) ಅನ್ನುವ ದ್ರವ ಒಳಗೂ ಹೋಗುತ್ತದೆ. ಮಣ್ಣಿನ ತೂಕ ಎಷ್ಟು ಏರಿತು ಅಂತ ನೋಡಿ ಲೆಕ್ಕ ಮಾಡಬಹುದು.