ಸಕ್ಕರೆ ಷೇರು ಅಗ್ಗ ಅನ್ನುವ ಮೊದಲು

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಸಕ್ಕರೆ ಷೇರಿನ ಮೇಲೆ ಎಲ್ಲರಿಗೂ ಒಂದು ಸಲಿಗೆ. ಚಿಮಣಿ ಕಣ್ಣೆದುರೇ ಇದೆ, ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲು ಇದೆ, ಹಾಗಾಗಿ ಕಂಪನಿ ಚೆನ್ನಾಗಿದೆ ಅನ್ನಿಸುತ್ತದೆ. ಅಥಣಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣಾ, ಪಿಇ ಬರೇ ಏಳು ಐತಿ, ತಗೊಳ್ಳೂಣೇನು?" ಅಂದ. ಪಿಇ ಅಂದರೆ ಷೇರಿನ ಬೆಲೆ, ಒಂದು ಷೇರಿಗೆ ಬರುವ ವರ್ಷದ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ. ಮೊದಲು ಬ್ಯಾಲೆನ್ಸ್ ಶೀಟ್ (ಕಂಪನಿಯ ಆಸ್ತಿ, ಸಾಲದ ಪಟ್ಟಿ) ಮೇಲಿನ ತಾರೀಖು ನೋಡು ಅಂದೆ.

ಆ ತಾರೀಖು ಮಾರ್ಚ್ 31. ಅಷ್ಟೊತ್ತಿಗೆ ನಮ್ಮ ಕಡೆ ಕಬ್ಬು ನುರಿಸುವ ಹಂಗಾಮು ಬಹುತೇಕ ಮುಗಿದು, ಗೋದಾಮು ತುಂಬಿರುತ್ತದೆ. ಆ ಸಕ್ಕರೆಯನ್ನು ಒಮ್ಮೆಲೇ ಮಾರುವ ಹಾಗಿಲ್ಲ. ತಿಂಗಳ ಕೋಟಾವನ್ನು ಕೇಂದ್ರ ಸರ್ಕಾರ ಗೊತ್ತು ಮಾಡುತ್ತದೆ. ಆದರೆ ರೈತರಿಗೆ ಕಬ್ಬಿನ ಬಿಲ್ಲು 14 ದಿನದಲ್ಲಿ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಹೀಗಿದೆ. ಅದಕ್ಕೇ ಕಾರ್ಖಾನೆ ಸಕ್ಕರೆ ಒತ್ತೆ ಇಟ್ಟು ಬ್ಯಾಂಕಿನಲ್ಲಿ ಸಾಲ ಎತ್ತುತ್ತದೆ. ಹಾಗಾಗಿ ಮಾರ್ಚ್ ಲೆಕ್ಕದಲ್ಲಿ ದಾಸ್ತಾನು, ಅಲ್ಪಾವಧಿ ಸಾಲ ಎರಡೂ ಉಬ್ಬಿರುತ್ತವೆ. ಅಷ್ಟಕ್ಕೇ ಗಾಬರಿ ಬೇಡ. ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಲೆಕ್ಕ ಪಕ್ಕಕ್ಕಿಟ್ಟು ನೋಡಿ. ದಾಸ್ತಾನು ಕರಗಿದೆ, ಸಾಲ ಮಾತ್ರ ಕರಗಿಲ್ಲ ಅಂದರೆ ಸಕ್ಕರೆ ಮಾರಿದ ದುಡ್ಡು ಬೇರೆಲ್ಲೋ ಹೋಗಿದೆ. ಎಲ್ಲಿಗೆ ಅಂತ ನಗದು ಹರಿವಿನ ಪಟ್ಟಿಯಲ್ಲಿ ಹುಡುಕಬೇಕು.

ಇನ್ನು ಪಿಇ. ಸಕ್ಕರೆ ದರ ಏರಿದ ವರ್ಷ ಲಾಭ ಜಾಸ್ತಿ, ಪಿಇ ಕಡಿಮೆ. ಅಂದರೆ ಷೇರು ತುಂಬಾ ಅಗ್ಗ ಕಾಣುವ ಹೊತ್ತಿಗೇ ಒಳ್ಳೆಯ ದಿನ ಮುಗಿಯುತ್ತಾ ಬಂದಿರಬಹುದು. ಒಂದು ವರ್ಷದ ಲಾಭ ಬಿಟ್ಟು ಏಳೆಂಟು ವರ್ಷದ ಸರಾಸರಿ ಹಿಡಿಯಿರಿ. ಖರ್ಚನ್ನೂ ನೋಡಿ. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕೆಂದು ಕೇಂದ್ರ ಗೊತ್ತು ಮಾಡುವ ಕನಿಷ್ಠ ದರ, 2018-19ರಲ್ಲಿ ಕ್ವಿಂಟಾಲಿಗೆ 275 ರೂಪಾಯಿ ಇತ್ತು, 2025-26ಕ್ಕೆ 355 ಆಯಿತು. ಪೆಟ್ರೋಲಿಗೆ ಬೆರೆಸಲು ಕಾರ್ಖಾನೆಗಳು ಮಾರುವ ಎಥೆನಾಲ್ ನಂಬಿ ಕೂರುವ ಹಾಗೂ ಇಲ್ಲ. 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ ಅಂತ ಸರ್ಕಾರ ಅಂದ ಕೂಡಲೇ ಸಕ್ಕರೆ ಷೇರುಗಳು ಬಿದ್ದವು.

ಅಂಗಸಂಸ್ಥೆಗಳನ್ನೂ ಸೇರಿಸಿದ ಕನ್ಸಾಲಿಡೇಟೆಡ್ ಲೆಕ್ಕವನ್ನಂತೂ ಬಿಡಲೇಬೇಡಿ. ನಮ್ಮೂರಿನದೇ ಶ್ರೀ ರೇಣುಕಾ ಶುಗರ್ಸ್ 2010ರಲ್ಲಿ ಬ್ರೆಜಿಲ್‌ನ ಕಂಪನಿಗಳನ್ನು ಕೊಂಡಿತು. ಸಾಲದ ಭಾರ ಹೊತ್ತ ಆ ಕಂಪನಿಗಳು 2015ರಲ್ಲಿ ಅಲ್ಲಿನ ಕೋರ್ಟಿನ ರಕ್ಷಣೆ ಕೇಳಬೇಕಾಯಿತು. ಮುನವಳ್ಳಿ ಕಾರ್ಖಾನೆಯ ಚಿಮಣಿ ನೋಡಿದವರಿಗೆ ಇದು ಎಲ್ಲಿ ಕಾಣಬೇಕು?

ಕೊನೆಗೆ ನಾನು ನೋಡುವುದು ರೈತರಿಗೆ ಕೊಡಬೇಕಾದ ಕಬ್ಬಿನ ಬಾಕಿ. ಇದು ಟ್ರೇಡ್ ಪೇಯಬಲ್ಸ್, ಅಂದರೆ ಮಾಲು ಕೊಟ್ಟವರಿಗೆ ಕೊಡಬೇಕಾದ ಹಣ, ಅನ್ನುವ ಸಾಲಿನಲ್ಲಿ ಸೇರಿರುತ್ತದೆ. ಮಾರ್ಚ್‌ನಲ್ಲಿ ಸ್ವಲ್ಪ ಇರುವುದು ಸಹಜ. ಸೆಪ್ಟೆಂಬರಿನಲ್ಲೂ ದೊಡ್ಡದಾಗಿದ್ದರೆ ಟಿಪ್ಪಣಿ ತೆರೆದು ಅದು ಯಾರಿಗೆ ಕೊಡಬೇಕಾದ ಹಣ ಅಂತ ಓದುತ್ತೇನೆ. ಷೇರುದಾರನಿಗೆ ಅದು ಬಡ್ಡಿಯಿಲ್ಲದ ಸಾಲದಂತೆ ಕಾಣಬಹುದು. ಆದರೆ ಅದು ಯಾರದೋ ಮನೆಯ ಬೀಜ, ಗೊಬ್ಬರ, ಮಕ್ಕಳ ಫೀಸಿನ ದುಡ್ಡು. ಅಂಥ ಕಂಪನಿಗೆ ಮುಂದಿನ ಹಂಗಾಮಿಗೆ ಕಬ್ಬು ಕೊಡಲು ರೈತ ಹಿಂದೇಟು ಹಾಕುತ್ತಾನೆ. ಪಿಇ ಮೂರಕ್ಕೆ ಇಳಿದರೂ ನಾನು ಆ ಷೇರು ಕೊಳ್ಳುವುದಿಲ್ಲ. ತಮ್ಮನಿಗೂ ಅದನ್ನೇ ಹೇಳಿದೆ.