ಹೊಡೆಯದ ಶಕಲ್

ಚಿತ್ರದುರ್ಗದ ಬಿಸಿಲಿಗೆ ಹೊರಗೆ ಕಾಲಿಡೋ ಹಾಗಿಲ್ಲ. ಅಕ್ಕನ ಮಗನ ಜೊತೆ ಕೂತು ಪೋಕೆಮಾನ್ ಅನ್ನೋ ಪ್ರಾಣಿಗಳನ್ನ ಹಿಡಿದು ಕಾದಾಡಿಸೋ 1999ರ ವಿಡಿಯೋ ಗೇಮ್ 'ಪೋಕೆಮಾನ್ ಗೋಲ್ಡ್' ಆಡುತ್ತಿದ್ದೇನೆ.

ಸಿಯಾನ್‌ವುಡ್ ಊರಿನ ಒಂದು ಮನೆಯಲ್ಲಿ ಒಬ್ಬನ ಪೋಕೆಮಾನ್ ಕಳುವಾಗಿರುತ್ತೆ. ಉಳಿದ ಶಕಲ್ ಅನ್ನೋ ಪೋಕೆಮಾನ್ ಕೂಡ ಹೋಗಿಬಿಟ್ಟೀತು ಅಂತ ಹೆದರಿ, "ಸ್ವಲ್ಪ ದಿನ ನೋಡ್ಕೊಳ್ಳಿ" ಅಂತ ನಮ್ಮ ಕೈಗೇ ಕೊಡ್ತಾನೆ. ಹಿಡಿಯೋ ಕಷ್ಟವೇ ಇಲ್ಲ! ಕೆಂಪು ಚಿಪ್ಪು, ಅದರ ತೂತುಗಳಿಂದ ಇಣುಕೋ ಹಳದಿ ಕತ್ತು. ಡಿಫೆನ್ಸ್ 230, ಅಟ್ಯಾಕ್ ಬರೀ 10.

"ಮಾಮ, ಇದು ಹೊಡೆಯೋದೇ ಇಲ್ವಲ್ಲ!"

ಹೊಡೆಯೋದು ಅದರ ಕೆಲಸ ಅಲ್ಲ ಕಣೋ. 'ರ‍್ಯಾಪ್' ಹಾಕಿ ಸುತ್ತಿ ಹಿಡಿ, ಎದುರಾಳಿ ನಿಧಾನಕ್ಕೆ ಸವೆಯಲಿ. ಆದರೆ ಇದರ ಎಚ್‌ಪಿ, ಅಂದ್ರೆ ಜೀವಬಲ, ಬರೀ 20, ತೀರಾ ಕಮ್ಮಿ. ಹಾಗಾಗಿ ಲೆವೆಲ್ 37ಕ್ಕೆ ಬರೋ 'ರೆಸ್ಟ್' ಬೇಕೇ ಬೇಕು. ನಿದ್ದೆ ಮಾಡಿ ಪೂರ್ತಿ ಚೇತರಿಸಿಕೊಳ್ಳುತ್ತೆ. ನಮ್ಮ ಏಳುಸುತ್ತಿನ ಕೋಟೆಯಲ್ಲೂ ಎಲ್ಲರೂ ಗೋಡೆಯ ಫೋಟೋನೇ ತೆಗೀತಾರೆ. ಮೇಲಿನ ಅಕ್ಕ-ತಂಗಿ ಹೊಂಡದಲ್ಲಿ ನೀರಿಲ್ಲದಿದ್ರೆ ಆ ಗೋಡೆ ಎಷ್ಟು ದಿನ ಕಾಯ್ತಿತ್ತು, ಅಲ್ವಾ?

ಶಕಲ್‌ಗೆ ನಮ್ಮ ಮೇಲೆ ಪ್ರೀತಿ ಬೆಳೆದಿದ್ರೆ ಮಾಲೀಕನೇ "ನೀವೇ ಇಟ್ಕೊಳ್ಳಿ" ಅಂತಾನೆ. ಇಲ್ಲಾಂದ್ರೆ ವಾಪಸ್. ನಮ್ಮ ಹುಡುಗ ಮಾತ್ರ ಆ ಮನೆ ಕಡೆ ತಲೆ ಹಾಕ್ತಿಲ್ಲ.